ನಿಂಬೆವ್ವನ ವೀಸಾ

ಎದುರುಬದುರು ಹಾಕಿದ ಎರಡು ಕುರ್ಚಿಗಳು. ನಾನು ವಕೀಲಿ ಕಲಿತ ಊರನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಅವೇ. ಒಂದು ಬೆತ್ತದ ಕುರ್ಚಿ, ಇನ್ನೊಂದು ಕೂತರೆ ಕಿರುಗುಟ್ಟುವ ಕಬ್ಬಿಣದ್ದು. ದೇಸಗತಿ ವಕೀಲರ ಪಡಸಾಲೆಯಲ್ಲಿ ಬೆತ್ತದ ಕುರ್ಚಿಯ ಮೇಲೆ, ಸಂದರ್ಶನದ ತಾಲೀಮಿಗೆಂದು, ವಕೀಲರೇ ವೀಸಾ ಸಾಹೇಬರಾಗಿ ಗತ್ತಿನಿಂದ ಕೂರುತ್ತಿದ್ದರು. ಕಬ್ಬಿಣದ ಕುರ್ಚಿ ಪರದೇಶದಲ್ಲಿರುವ ತಮ್ಮವರನ್ನು ಸೇರಲು ಹೊರಟವರಿಗೆ. ನಾನು ಆಗಷ್ಟೇ ಕಾನೂನು ಓದಿ ಮುಗಿಸಿ ವಕೀಲರ ಕೈಕೆಳಗೆ ಸೇರಿದ್ದೆ. ಕರಿ ಕೋಟು ಹೊಸದು, ಜಂಬವೂ ಹೊಸದು.

ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತಿದ್ದವು. ಗುಡಿಯಲ್ಲಿ ಆದ ಮದುವೆ ನಡೆಯುತ್ತದೆಯೇ, ನೋಂದಣಿ ಆಗಲೇಬೇಕೇ? ಕೂಸಿಗೆ ಬೇರೆ ಅರ್ಜಿಯೇ? ಅತ್ತೆಯನ್ನೂ ಕರೆದೊಯ್ಯಬಹುದೇ? ಈ ಕೊನೆಯದನ್ನು ಕೇಳುವಾಗ ಕೆಲವು ಸೊಸೆಯರ ಕಣ್ಣು 'ಆಗೂದಿಲ್ಲ ಅಂತ ಹೇಳಿಬಿಡ್ರಿ' ಎಂದು ಬೇಡಿಕೊಳ್ಳುತ್ತಿತ್ತು. ವಕೀಲರಿಗೆ ಅದೂ ಅರ್ಥವಾಗುತ್ತಿತ್ತು. ಅವರು ಮೀಸೆಯಲ್ಲೇ ನಗುತ್ತಿದ್ದರು.

ನಿಂಬೆವ್ವ ಬಂದದ್ದು ಮಾತ್ರ ಒಮ್ಮೆ ವೀಸಾ ತಿರಸ್ಕಾರವಾದ ಮೇಲೆ. ಅವಳ ಗಂಡ ಮದುವೆಯಾದ ಹೊಸದರಲ್ಲೇ ಹಡಗು ಕಟ್ಟುವ ಬಡಿಗನಾಗಿ ಪರದೇಶಕ್ಕೆ ಹೋಗಿ ಅಲ್ಲೇ ನೆಲೆ ನಿಂತು, ಈಗ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ವೀಸಾ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಇವಳು ತುಟಿ ಬಿಚ್ಚಲಿಲ್ಲ. ಗಂಡನ ಹೆಸರೇ ಗೊತ್ತಿಲ್ಲವೆಂದರೆ ಈ ಮದುವೆ ಸುಳ್ಳಿರಬೇಕು ಎಂದು ಅಧಿಕಾರಿ ತೀರ್ಮಾನಿಸಿದ್ದ. ವಕೀಲರು ಮೇಲ್ಮನವಿ ಹಾಕಿ ಇನ್ನೊಂದು ಸಂದರ್ಶನ ಗಿಟ್ಟಿಸಿದರು. ಅದೂ ಕೆಟ್ಟರೆ ಮುಂದೆ ದಾರಿಯಿರಲಿಲ್ಲ.

ಪಡಸಾಲೆಯಲ್ಲಿ ತಾಲೀಮು ಶುರುವಾಯಿತು.

"ನಿನ್ನ ಗಂಡ ಊಟಕ್ಕ ಏನು ಇಷ್ಟಪಡತಾನ?"

"ಏನ ಹಾಕಿದ್ರೂ ಉಣತಾರ್ರೀ. ಬಾಜೂಕ ಒಂದ ಹಸಿ ಉಳ್ಳಾಗಡ್ಡಿ ಇರಬೇಕ ನೋಡ್ರಿ, ಇಲ್ಲಂದ್ರ ಮಾರಿ ಇಷ್ಟುದ್ದ ಮಾಡತಾರ."

"ಭೇಷ್! ಹೆಸರು?"

ನಿಂಬೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಕಾಗದದಾಗ ಬರದೈತಲ್ರೀ."

"ನಿನ್ನ ಬಾಯಿಂದ ಬರಬೇಕವಾ."

"ಅವರ ಹೆಸರ ಹೆಂಗ ತಗೊಳ್ಳೂದ್ರೀ? ಆಯುಷ್ಯ ಕಡಿಮಿ ಆಗತೈತಿ. ಬೇಕಾದ್ರ ಒಡಪಿನ್ಯಾಗ ಹೇಳತೇನಿ."

ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಜೋಡಿಯನ್ನು ಬಾಗಿಲಲ್ಲಿ ತಡೆದು, ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆಂದು ಕಾಡುವುದುಂಟು. ಆಗ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಹೆಸರನ್ನು ಸೇರಿಸಿ ಹೇಳುವುದೇ ಒಡಪು. ಬರೀ ಹೆಸರೆತ್ತಿದರೆ ದೋಷ, ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಆದರೆ ವಕೀಲರು ಒಪ್ಪಲಿಲ್ಲ.

"ಅಲ್ಲಿ ಹಾಡು ಹೇಳಿದರ, ಯಾರೋ ಬಾಯಿಪಾಠ ಮಾಡಿಸಿ ಕಳಿಸ್ಯಾರ ಅಂತಾರ. ಸುಮ್ಮನ ಹೆಸರು ಹೇಳಿ ಎದ್ದು ಬಾ."

ಅವಳು ಹೂಂ ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಮೇಲೆ ನನಗೆ ಎಳ್ಳಷ್ಟೂ ಭರವಸೆ ಬರಲಿಲ್ಲ.

ಒಂದು ಮಧ್ಯಾಹ್ನ ನಾನೂ ನಿಂಬೆವ್ವನೂ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಗ ಅವಳು ತಾನಾಗಿಯೇ ಬಾಯಿಬಿಟ್ಟಳು. "ವೀಸಾ ಸಿಗಲಿಕ್ಕಿಲ್ಲ ಅನ್ನೂದು ಒಂದ ಹೆದರಿಕಿ ಅಕ್ಕಾರ. ಸಿಕ್ಕರ ಹೆಂಗ ಅನ್ನೂದು ಇನ್ನೊಂದು. ಅಲ್ಲಿ ಹೋದವರು ಬ್ಯಾರೇನ ಆಗತಾರಂತ. ಓಣ್ಯಾಗಿನ ಮಂದಿ ದಿನಾ ಇದನ್ನ ಹೇಳಿ ಜೀವಾ ತಿಂತಾರ. ನಮ್ಮವರು ಫೋನಿನ್ಯಾಗ 'ಆರಾಮ, ಆರಾಮ' ಅಂತಾರ, ಅದರಾಗ ಮನಶಾನ ಗುರತ ಹೆಂಗ ಹತ್ತಬೇಕು? ಅಷ್ಟ ದೂರ ಹೋಗಿ, ಗುರತ ಇಲ್ಲದವರ ಮನ್ಯಾಗ ಹೊಕ್ಕಂಗಾದ್ರ?"

ನಾನು ಇನ್ನೊಂದು ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದೆ.

ಸಂದರ್ಶನದ ದಿನ ದುಭಾಷಿಯಾಗಿ ನಾನೇ ಹೋದೆ. ಆಡಿದ ಮಾತನ್ನಷ್ಟೇ ಅನುವಾದಿಸುತ್ತೇನೆ, ನನ್ನದೇನೂ ಸೇರಿಸುವುದಿಲ್ಲ ಎಂದು ಪ್ರಮಾಣ ಮಾಡಿಸಿಕೊಂಡೇ ಒಳಗೆ ಬಿಟ್ಟರು. ಅಲ್ಲಿಯೂ ಅದೇ, ಎದುರುಬದುರು ಕುರ್ಚಿಗಳು. ಈ ಸಲದ ಅಧಿಕಾರಿ ನಡುವಯಸ್ಸಿನ ಹೆಂಗಸು. ಮಾತು ಮೆತ್ತಗಿದ್ದರೂ ನೋಟ ಚುರುಕಾಗಿತ್ತು. ಮದುವೆ ಎಲ್ಲಿ ಆಯಿತು, ಯಾರು ಯಾರು ಬಂದಿದ್ದರು, ಗಂಡನಿಗೆ ಯಾವ ಊಟ ಸೇರುತ್ತದೆ ಎಂಬುದಕ್ಕೆಲ್ಲ ನಿಂಬೆವ್ವ ಹುರಿದ ಅರಳಿನಂತೆ ಪಟಪಟ ಉತ್ತರಿಸಿದಳು. ಉಳ್ಳಾಗಡ್ಡಿಯ ಮಾತಿಗೆ ಅಧಿಕಾರಿ ನಕ್ಕದ್ದೂ ಉಂಟು. ಆಮೇಲೆ ಆ ಪ್ರಶ್ನೆ ಬಂತು.

ನಿಂಬೆವ್ವ ನನ್ನ ಮುಖ ನೋಡಿದಳು. ಪ್ರಮಾಣ ಮಾಡಿದ ನಾನು ಕಣ್ಣು ಕೂಡ ಮಿಟುಕಿಸುವಂತಿರಲಿಲ್ಲ. ಅಧಿಕಾರಿ ಎರಡನೆಯ ಸಲ ಕೇಳಿದಳು. 'ಒಂದೇ ಒಂದು ಹೆಸರು, ಹೇಳಿಬಿಡೇ ಮಾರಾಯ್ತಿ' ಎಂದು ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ಅವಳು ಕುರ್ಚಿಯಿಂದ ಎದ್ದು ನಿಂತಳು. ಹೊರಟೇಬಿಟ್ಟಳು ಎಂದುಕೊಂಡೆ. ಅವಳು ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡುತ್ತ, ಮದುವೆ ಮನೆಯ ದನಿಯಲ್ಲಿ ಹೇಳಿದಳು:

"ಕಡಲಾಚಿ ದಂಡ್ಯಾಗ ಮೂಡ್ಯಾನ ಸೂರ್ಯಪ್ಪ,
ಹಾದಿ ನೋಡಕೋತ ಕುಂತಾರ ನಮ್ಮ ಮಡಿವಾಳಪ್ಪ."

ನಾನು ಅನುವಾದಿಸಿದೆ. ಪ್ರಾಸವೆಲ್ಲ ಉದುರಿಹೋಗಿ ಹವಾಮಾನದ ವರದಿಯಂತೆ ಕೇಳಿಸಿತು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದಳು:

"ಹೆಸರು ಹೇಳಲು ಎದ್ದು ನಿಂತದ್ದೇಕೆ?"

"ಕುಂತ ಹೇಳಬಾರದ್ರೀ. ದೊಡ್ಡವರ ಹೆಸರು. ಬರೇ ಹೆಸರಂತೂ ಹೇಳಾಕ ಬರೂದಿಲ್ಲ."

"ನಿಮ್ಮ ಗಂಡನಿಗೂ ಈ ಪದ್ಧತಿ ಉಂಟೇ?"

"ಗಂಡಸರೂ ಹೆಂಡ್ತಿ ಹೆಸರ ಹೇಳೂದಿಲ್ರೀ. ಈಗಿನ ಮಂದಿ ಹೇಳತಾರ. ಅಲ್ಲಿ ಹೋದವರಂತೂ ಹೇಳತಾರಂತ." ಕೊನೆಯ ಮಾತು ಹೇಳುವಾಗ ಅವಳ ದನಿ ಇಳಿಯಿತು.

ಅಧಿಕಾರಿ ಕುರ್ಚಿಗೆ ಒರಗಿದಳು. ಆಕೆ ಮುಂದೆ ಹೇಳಿದ್ದನ್ನು ನಾನು ಒಂದೊಂದೇ ಸಾಲಾಗಿ ಕನ್ನಡಕ್ಕೆ ತಿರುಗಿಸಿದೆ. "ನಿಮ್ಮ ಗಂಡನನ್ನೂ ಅಲ್ಲಿ ಕೂರಿಸಿ ವಿಚಾರಿಸಿದ್ದೇವೆ. ನಿಮ್ಮ ತಂದೆಯ ಹೆಸರು ಹೇಳಿದ, ಊರು ಹೇಳಿದ, ನಿಮ್ಮ ಗಲ್ಲದ ಮೇಲಿನ ಹಚ್ಚೆಯನ್ನೂ ಹೇಳಿದ. ನಿಮ್ಮ ಹೆಸರು ಕೇಳಿದರೆ ನಾಚಿಕೊಂಡು 'ನಮ್ಮನಿಯಾಕಿ' ಅಂದನೇ ಹೊರತು ಹೆಸರು ಹೇಳಲಿಲ್ಲ. ಸುಳ್ಳು ಮದುವೆಯ ಜೋಡಿಗಳನ್ನು ತುಂಬ ನೋಡಿದ್ದೇನೆ. ಅವರು ಮೊದಲು ಬಾಯಿಪಾಠ ಮಾಡುವುದೇ ಹೆಸರನ್ನು. ಇಬ್ಬರೂ ಹೆಸರು ಹೇಳದ ಜೋಡಿ ಇದೇ ಮೊದಲು. ವೀಸಾ ಕೊಡುತ್ತೇನೆ, ಹೋಗಿ ಬನ್ನಿ."

ಹೊರಗೆ ಬಂದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ನಿಂಬೆವ್ವ ವೀಸಾದ ಮಾತೇ ಎತ್ತಲಿಲ್ಲ.

"ಅಕ್ಕಾರ, ಅವರು ಖರೇನ ನನ್ನ ಹೆಸರ ಹೇಳಲಿಲ್ಲಂತೇನ್ರೀ?"

"ಇಲ್ಲವ್ವ."

"ನೀವು ಬರೋಬ್ಬರಿ ಕೇಳೀರಿಲ್ಲೋ?"

"ಕೇಳೇನಿ. 'ನಮ್ಮನಿಯಾಕಿ' ಅಂದನಂತ."

ಅವಳು ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿದ್ದವು. ಒಳಗೆ ಹೋಗಲು ಸಾಲಿನಲ್ಲಿ ಕಾಯುತ್ತಿದ್ದವರು ವೀಸಾ ಸಿಗಲಿಲ್ಲವೆಂದೇ ತಿಳಿದು ಲೊಚಗುಟ್ಟಿದರು. ಮುದುಕಿಯೊಬ್ಬಳು ಸಾಲು ಬಿಟ್ಟು ಬಂದು ನೀರಿನ ತಂಬಿಗೆ ಮುಂದೆ ಹಿಡಿದಳು.

"ಅಳಬ್ಯಾಡ ನನ ಮಗಳ. ಮತ್ತೊಮ್ಮೆ ಅರ್ಜಿ ಹಾಕಿದರಾತು."

ನಿಂಬೆವ್ವ ಗಟಗಟನೆ ನೀರು ಕುಡಿದು ಮುಖ ಒರೆಸಿಕೊಂಡಳು. "ಅದಕ್ಕಲ್ಲ ಯವ್ವಾ. ನಮ್ಮವರು ಇದ್ದಂಗ ಅದಾರಂತ."

ಮುದುಕಿಗೆ ಏನೂ ತಿಳಿಯಲಿಲ್ಲ. ಆದರೂ ಬಿಸಿಲಿನಲ್ಲೇ ಅವಳ ಪಕ್ಕ ಕೂತು, ಸಾಲು ಮುಂದೆ ಸರಿದುಹೋದರೂ ಏಳದೆ, ಅವಳ ಬೆನ್ನು ಸವರುತ್ತಿದ್ದಳು.