ಬಟನ್ ಬಿಡು, ಅಪ್ಪ

೧

ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಶುರು ಮಾಡಿದರೆ ನೀವು ಅಪಘಾತಕ್ಕೆ ಕಾಯುತ್ತೀರಿ. ಅಪಘಾತ ಇಲ್ಲ, ಈಗಲೇ ಹೇಳಿಬಿಡುತ್ತೇನೆ. (ಬೇಜಾರಾದವರು ಇಲ್ಲೇ ಇಳಿದುಕೊಳ್ಳಬಹುದು.)

ಮಗಳಿಂದಲೇ ಶುರು ಮಾಡೋಣ. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ, ಸುತ್ತಲೂ ಗಾಜಿರುವ ಕೋಣೆಯಲ್ಲಿ ಅವಳು ಕೂತಿದ್ದಾಳೆ. ಕೆಳಗೆ ಒಂದು ವಿಮಾನ ರನ್‌ವೇ ಕಡೆಗೆ ನಿಧಾನವಾಗಿ ಉರುಳುತ್ತಿದೆ. ಅದರ ಕ್ಯಾಪ್ಟನ್ ಅವಳ ಅಪ್ಪ. ನಿವೃತ್ತಿಗೆ ಮುಂಚೆ ಇದೇ ಅವರ ಕೊನೆಯ ಹಾರಾಟ.

"ಥೂ, ಸಿನಿಮಾ ಥರ ಇದೆ," ಎಂದು ಮಗಳು ಕಥೆ ಬರೆಯುತ್ತಿರುವ ನನ್ನತ್ತ ಮುಖ ಸಿಂಡರಿಸಿದಳು.

"ನಿನ್ನ ಡ್ಯೂಟಿ ಇರೋ ಹೊತ್ತಿಗೇ ಫ್ಲೈಟ್ ಬೇಕು ಅಂತ ಕೇಳಿ ಹಾಕಿಸ್ಕೊಂಡಿದ್ದು ನಿಮ್ಮಪ್ಪ. ನಾನಲ್ಲ," ಎಂದೆ. ಅವಳು ರನ್‌ವೇ ಕಡೆಗೆ ತಿರುಗಿದಳು.

೨

(ಸ್ವಲ್ಪ ರೂಲ್ಸು. ಟವರ್ ಹೇಳಿದ್ದನ್ನು ಪೈಲಟ್ ಹಾಗೇ ತಿರುಗಿ ಹೇಳಬೇಕು. ಬರೀ 'ಸರಿ' ಅಂದರೆ ನಡೆಯುವುದಿಲ್ಲ. ಇನ್ನೊಂದು, ಎಲ್ಲರಿಗೂ ರೇಡಿಯೋ ಲೈನ್ ಒಂದೇ, ಒಬ್ಬರು ಬಟನ್ ಒತ್ತಿ ಮಾತಾಡುತ್ತಿದ್ದರೆ ಮಿಕ್ಕವರ ಬಾಯಿ ಬಂದ್. ಅಲ್ಲಿ ಮಾತೆಲ್ಲ ಇಂಗ್ಲಿಷು. ಇಲ್ಲಿ ಕನ್ನಡ, ಏಕೆಂದರೆ ಕಥೆ ನನ್ನದು.)

೩

ಅದೇ ರನ್‌ವೇಗೆ ಇನ್ನೊಂದು ವಿಮಾನ ಇಳಿಯುತ್ತಿತ್ತು. ಇಳಿಯಬಹುದು ಎಂದು ಮಗಳು ಆಗಲೇ ಹೇಳಿಯಾಗಿತ್ತು. ರನ್‌ವೇಗೆ ಮುಂಚೆ, ವಿಮಾನಗಳು ಕಾಯಲೆಂದು ನೆಲದ ಮೇಲೊಂದು ಗೆರೆ ಇರುತ್ತದೆ. ಅಪ್ಪನಿಗೆ ಹೇಳಿದಳು: "ಕ್ಯಾಪ್ಟನ್, ಗೆರೆಯಲ್ಲೇ ನಿಲ್ಲಿ. ರನ್‌ವೇ ಮೇಲೆ ಬರಬೇಡಿ."

"ಸರಿ ಮಗಳೇ," ಅಂದರು ಅಪ್ಪ. ಅಷ್ಟಕ್ಕೇ ಬಿಟ್ಟಿದ್ದರೂ ಮಗಳು ಮತ್ತೆ ಕೇಳಬಹುದಿತ್ತು. ಹೆಮ್ಮೆ ಹಾಲಿನಂತೆ ಉಕ್ಕಿತು, ಬೆರಳು ಬಟನ್ ಮೇಲೇ ಉಳಿಯಿತು. "ಎಲ್ರೂ ಕೇಳಿಸ್ಕೊಳ್ರಪ್ಪ! ಟವರಲ್ಲಿ ಕೂತಿರೋಳು ನನ್ನ ಮಗಳು! ಚಿಕ್ಕೋಳಿದ್ದಾಗ ಸೋಫಾ ಮೇಲೆ ನಿಂತ್ಕೊಂಡು ನನಗೇ ಆರ್ಡರ್ ಮಾಡ್ತಿದ್ಲು..."

ಅವರ ವಿಮಾನ ಇನ್ನೂ ಉರುಳುತ್ತಲೇ ಇತ್ತು.

"ಅಪ್ಪ, ಬಟನ್ ಬಿಡು!"

ಕೂಗು ಗಾಜಿನ ಕೋಣೆ ದಾಟಲಿಲ್ಲ. ಇಳಿಯುವ ವಿಮಾನವನ್ನು ತಡೆಯೋಣವೆಂದರೆ ಅದಕ್ಕೂ ಅವಳ ದನಿ ಮುಟ್ಟುವಂತಿರಲಿಲ್ಲ.

೪ (ಹರಿದು ಹಾಕಿದ್ದು)

ಮಗಳ ಕಣ್ಣಲ್ಲಿ ನೀರು ತುಂಬಿ...

"ಅಳೋಕೆ ಟೈಮ್ ಎಲ್ಲಿತ್ತು ಸ್ವಾಮಿ?" ಎಂದು ಮಗಳು ನನ್ನನ್ನು ತಡೆದಳು.

೪ (ಮತ್ತೆ)

ಚಾವಣಿಯಿಂದ ತೂಗುತ್ತಿದ್ದ ಸಿಗ್ನಲ್ ದೀಪವನ್ನು ಎಳೆದುಕೊಂಡಳು. ಇಳಿಯುತ್ತಿದ್ದ ವಿಮಾನಕ್ಕೆ ಗುರಿಯಿಟ್ಟು ಕೆಂಪು ಬೆಳಕು ಬಿಟ್ಟಳು. ಕೆಂಪೆಂದರೆ ಇಳಿಯಬೇಡ. ಅದರ ಪೈಲಟ್ ನೋಡಿದ. ವಿಮಾನ ಮೂತಿ ಎತ್ತಿ, ಗುಡುಗುತ್ತಾ ಮತ್ತೆ ಮೇಲೇರಿತು. ಭಲೇ ಹುಡುಗಿ! ಎಂದೆ, ಬರೆಯುತ್ತಿರುವವನು ನಾನೇ ಎಂಬುದನ್ನೂ ಮರೆತು.

ಅಪ್ಪನ ವಿಮಾನ ಗೆರೆ ದಾಟಿರಲಿಲ್ಲ. ಈಚೆಗೇ, ಅಚ್ಚುಕಟ್ಟಾಗಿ ನಿಂತಿತ್ತು.

೫

ಹಾರಾಟ ಮುಗಿಸಿ ಅಪ್ಪ ಸಂಜೆ ಮನೆಗೆ ಬಂದರು. ಊಟದ ಮೇಜು. ಅಮ್ಮ ಬಡಿಸುತ್ತಿದ್ದಾರೆ.

"ನಾನು ನಿಂತೇ ಇದ್ನಲ್ಲೇ!"

"ನಿಲ್ತೀಯ ಅಂತ ನಿನಗೆ ಗೊತ್ತಿತ್ತು. ನನಗೆ ಗೊತ್ತಾಗ್ಬೇಕಿತ್ತು. ರಿಪೋರ್ಟ್ ಬರೆದು ಕೊಟ್ಟಿದೀನಿ, ಅಪ್ಪ."

"ನನ್ನ ಮೇಲಾ? ಇಷ್ಟು ವರ್ಷ ಒಂದು ಕಪ್ಪು ಚುಕ್ಕೆ ಇಲ್ದೆ ಹಾರಿಸಿದೀನಿ. ಕೊನೇ ದಿನ, ಅದೂ ನೀನು?"

"ಬೇರೆಯವರಾಗಿದ್ರೆ ಬರೀತಿದ್ದೆ. ನೀನು ಅಂತ ಬಿಡ್ಲಾ?"

ಮುಕ್ತಾಯ ಒಂದು: ಅಪ್ಪ ತಟ್ಟೆ ತಳ್ಳಿ ಎದ್ದುಹೋದರು. (ಅಮ್ಮ ಒಪ್ಪಲಿಲ್ಲ. "ನನ್ನ ಅಡುಗೆ ಬಿಟ್ಟು ಎದ್ದುಹೋಗೋ ಧೈರ್ಯ ಇವರಿಗೆಲ್ಲಿದೆ?")

ಮುಕ್ತಾಯ ಎರಡು: ಮಗಳು ರಿಪೋರ್ಟ್ ವಾಪಸ್ ಪಡೆದಳು. (ಅವಳು ನನ್ನನ್ನು ನೋಡಿದ ನೋಟಕ್ಕೆ ಆ ಸಾಲನ್ನು ನಾನೇ ಹೊಡೆದುಹಾಕಿದೆ.)

ಇನ್ನೊಂದು: ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಡ್ಯೂಟಿಯ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದರು: "ಗೆರೆಯಲ್ಲೇ ನಿಲ್ಲುತ್ತೇನೆ. ರನ್‌ವೇ ಮೇಲೆ ಬರುವುದಿಲ್ಲ, ಟವರ್."

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಇಂಥವರು ನನ್ನ ಕಥೆಗೆ ಬಂದರಲ್ಲ ಎಂದು ನನಗೆ ಎದೆ ತುಂಬಿ ಬಂತು. ಇದಕ್ಕೆ ಮಗಳು ಏನೆಂದಳು? ಅದ್ಭುತವಾದ ಒಂದು ಪ್ಯಾರಾ ರೆಡಿ ಮಾಡಿಟ್ಟುಕೊಂಡಿದ್ದೇನೆ ಓದುಗರೇ, ಕೇಳಿ, ಅವಳು ಮೆಲ್ಲಗೆ ತಲೆಯೆತ್ತಿ...

"ಏನ್ರೀ ಕಥೆಗಾರರೇ," ಎಂದಳು. "ನಾನು ಅಪ್ಪನ ಹತ್ರ ಮಾತಾಡ್ಬೇಕು. ನೀವು ಆಗಿನಿಂದ ಬಟನ್ ಒತ್ಕೊಂಡೇ ಇದೀರಲ್ಲ."

ಬಿಟ್ಟೆ.