ತೊಳೆಯದ ಕೈ

"ಆ ಕೈ ತೊಳೀಬ್ಯಾಡ ಅಂದ್ನಲ್ಲೇ ಬೋಸುಡಿ, ಕಿವಿಯೊಳಗೆ ಹೇಲು ತುಂಬ್ಕಂಡಿದ್ದೀಯಾ?"

ಪೊಲೀಸ್ ಸಾರ್ಜೆಂಟ್ ಬರ್ಸಾಲೆಸ್ ಬೈದದ್ದು ಲೂಮಿಂಗಳನ್ನು. ಅವಳು ಗಂಡ ಕಾರ್ದಿಂಗನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದಳು. ಬೆಳಿಗ್ಗೆ ಕಬ್ಬಿಗೆ ಗೊಬ್ಬರ ಎರಚುತ್ತಿದ್ದಾಗಲೇ ತೋಟದ ಕಾವಲುಗಾರ ಟೋತಿಂಗ್ ಅವನ ಎದೆಗೆ ಗುಂಡು ಹೊಡೆದಿದ್ದ. ನಮ್ಮ ಕೂಲಿಗಳ ಸಂಘ ಕಟ್ಟಿದ್ದು ಕಾರ್ದಿಂಗ್. ತೋಟದ ದಣಿಗೆ ಅಷ್ಟೇ ಸಾಕಾಗಿತ್ತು. ಈಗ ಟೋತಿಂಗ್, ಕಾರ್ದಿಂಗನೇ ಮೊದಲು ಪಿಸ್ತೂಲು ಹಾರಿಸಿದ ಅನ್ನುತ್ತಿದ್ದ.

"ತೊಳ್ದಿಲ್ಲ ಸಾರ್. ಕೈ ಒಂದ್ನ ಹಂಗೇ ಬಿಟ್ಟಿವ್ನಿ," ಎಂದಳು ಲೂಮಿಂಗ್.

ನಮ್ಮ ನೆಗ್ರೋಸ್ ದ್ವೀಪದಲ್ಲಿ ಹೆಣವನ್ನು ಕೊಳಕು ಕೈಯಲ್ಲಿ ಮಣ್ಣಿಗೆ ಕಳಿಸುವವರಿಲ್ಲ. ಆದರೂ ಬಂದೂಕು ಮುಟ್ಟದ ಕೈ ತಾನೇ ನಿಜ ಹೇಳುತ್ತದೆಂದು ಅವಳು ನಂಬಿದಳು. ನಾವೂ ನಂಬಿದೆವು, ದಡ್ಡ ಮುಂಡೇವು.

ಸಾರ್ಜೆಂಟ್ ಹುರಿದ ಹಂದಿಚರ್ಮವನ್ನು ವಿನೆಗರಿಗೆ ಅದ್ದಿ ಕುರುಂಕುರುಂ ತಿನ್ನುತ್ತಲೇ, ಗುಂಡಿನ ಮದ್ದು ಅಂಟಿದೆಯೇ ನೋಡಲು ಕಾದ ಮೇಣವನ್ನು ಹೆಣದ ಕೈಗೆ ಬಳಿದ. ಆರಿದ ಮೇಲೆ ಸುಲಿದ. ಮೇಣದ ಜೊತೆ ರೋಮವೂ ಕಿತ್ತುಬಂತು. ಅದೇ ಬೆರಳಲ್ಲಿ ಮತ್ತೊಂದು ಚೂರು ಬಾಯಿಗೆ ಹಾಕಿಕೊಂಡ. ಇವನನ್ನೂ ಒಬ್ಬ ತಾಯಿ ಹೆತ್ತಳಲ್ಲ ಅನ್ನಿಸಿತು ನನಗೆ. ಸೀಸೆಯಿಂದ ಆಸಿಡ್ ತೊಟ್ಟಿಕ್ಕಿಸಿದಾಗ ಮೇಣದ ಮೇಲೆ ನೀಲಿ ಚುಕ್ಕೆಗಳೆದ್ದವು.

"ನೋಡ್ರಲೇ, ಮದ್ದಿನ ಗುರುತು. ನಿನ್ ಗಂಡನೇ ಗುಂಡು ಹಾರಿಸವ್ನೆ. ಕೊಲೆಗಡುಕನ ಸಂಸಾರಕ್ಕೆ ತೋಟದಾಗೆ ಜಾಗ ಇಲ್ಲ, ಇವತ್ತೇ ಗುಡ್ಸಲು ಖಾಲಿ ಮಾಡು."

"ನೀಲಿನೋ ಕೆಂಪೋ ನಂಗೊತ್ತಿಲ್ಲ ಸಾರ್. ಅವ್ನೂ ನಾನೂ ಎರಚಿದ್ದು ಒಂದೇ ಮೂಟೆ ಗೊಬ್ಬರ. ನನ್ ಕೈಗೂ ಹಾಕಿ ನೋಡಿ. ಟೋತಿಂಗನ ಕೈಗೂ ಹಾಕಿ."

ಟೋತಿಂಗ್ ಜೀಪಿನಲ್ಲಿ ಕಾಲು ಚಾಚಿ ಕುಳಿತಿದ್ದ. ಅವನಿಂದ ಸಾಬೂನಿನ ಘಮ ಬರುತ್ತಿತ್ತು.

"ಈ ಪರೀಕ್ಷೆ ಹೆಣಕ್ಕೆ ಮಾತ್ರ," ಸಾರ್ಜೆಂಟ್ ನಕ್ಕ. "ನೀನೂ ಸಾಯಿ, ಮಾಡ್ತೀನಿ."

ಲೂಮಿಂಗ್ ಸೀಸೆ ಕಿತ್ತುಕೊಂಡು, ಉಳಿದಿದ್ದನ್ನೆಲ್ಲ ತನ್ನ ಬಲ ಅಂಗೈಗೆ ಸುರಿದುಕೊಂಡಳು. ಚರ್ಮ ಸುಟ್ಟ ವಾಸನೆ ಎದ್ದಿತು. ಗೊಬ್ಬರ ಉಳಿದಿದ್ದ ಬೆರಳ ಸಂದಿಗಳಲ್ಲಿ, ಉಗುರಿನ ಬುಡದಲ್ಲಿ ಕಡುನೀಲಿ ಹರಡಿತು. ಅವಳು ಆ ಕೈಯನ್ನು ಹಾಗೇ ಸಾರ್ಜೆಂಟನ ಮೂಗಿನ ಹತ್ತಿರ ಹಿಡಿದಳು.

"ನಾನು ಯಾರ್ನ ಕೊಂದೆ, ಬೊಗಳು."

ಅವನು ಬಾಯಲ್ಲಿದ್ದ ಹಂದಿಚರ್ಮವನ್ನು ಉಗಿದ. ನಾವು ಗೊಬ್ಬರದ ಕೈಗಳನ್ನು ಚಾಚಿಕೊಂಡು ಜೀಪನ್ನು ಸುತ್ತುವರಿದೆವು. ಟೋತಿಂಗ್ ತನ್ನ ಕೈಗಳನ್ನು ಜೇಬಿಗೆ ತುರುಕಿಕೊಂಡ.