ತಪ್ಪಾಗಿ ಇಟ್ಟ ಚೌಕ

ಹೋಬರ್ಟ್ ಬಾಗಿಲು ತಳ್ಳಿಕೊಂಡು ಒಳಗೆ ಬಿದ್ದಾಗ ಅವನ ಎಡಗಿವಿ ಇರಲಿಲ್ಲ. ಅದಿದ್ದ ಜಾಗದಿಂದ ರಕ್ತ ಕತ್ತಿನ ಮೇಲಿಳಿದು ಅಂಗಿಯೊಳಗೆ ಹೋಗುತ್ತಿತ್ತು.

"ಗಣಿ ಸೇತುವೆ ಹತ್ರ ಕಂಪನಿಯೋರು ಹೊಡೆದ್ರು ಅಕ್ಕ. ನಾನೂ ಹೊಡ್ದೆ. ಅವರಲ್ಲೊಬ್ಬ ಬಿದ್ದ. ಮತ್ತೆ ಏಳ್ಲಿಲ್ಲ."

ಗಣಿಯಲ್ಲಿ ಮುಷ್ಕರ ಶುರುವಾದಾಗಿನಿಂದ ಕಂಪನಿಯ ಬಂದೂಕಿನವರು ಸಿಕ್ಕವರನ್ನು ಕೋರ್ಟಿಗೆ ಒಯ್ಯುತ್ತಿರಲಿಲ್ಲ, ಹಳ್ಳಕ್ಕೆ ಒಯ್ಯುತ್ತಿದ್ದರು. ತಮ್ಮ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಇಷ್ಟು ಗೊತ್ತಿದ್ದೂ ಡೆಲ್ಫಾ ನಿಂತಲ್ಲೇ ನಿಂತಿದ್ದಳು. ಅವಳ ಅತ್ತೆ ಸಿಂಡಾಳೇ ಒಲೆಯ ಮುಂದೆ ನೆಲಕ್ಕೆ ಹಾಸಿದ್ದ ಹಲಗೆ ಎತ್ತಿ, ಆಲೂಗಡ್ಡೆ ಇಡುವ ಗುಂಡಿಯೊಳಗೆ ಅವನನ್ನು ತುರುಕಿ, ಹಲಗೆ ಮುಚ್ಚಿದಳು.

"ಮೇಲೆ ಚಾಪೆ ಹಾಕ್ಲಾ ಅತ್ತೆ?"

"ಚಾಪೆ ಕಂಡ್ರೆ ಮೊದಲು ಅದನ್ನೇ ಎಳೀತಾರೆ ಕಣೇ ಮಂಕೆ. ನಿನ್ನ ಕೌದಿ ಚೌಕ ಹಾಸು. ಹಾಸೋದು ತೆಗೆಯೋದು ಅಂತ ನನ್ನ ಪ್ರಾಣ ತಿಂದಿದೀಯಲ್ಲ, ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ."

ಕೌದಿಯ ಚೌಕಗಳೆಲ್ಲ ಹೊಲಿದು ಮುಗಿದಿದ್ದವು. ಪ್ರತಿಯೊಂದರ ನಡುವೆ ಕೆಂಡದಂಥ ಒಂದು ಕೆಂಪು ತುಣುಕು. ಅದರ ಸುತ್ತ, ಮನೆ ಕಟ್ಟುವ ಮರದ ದಿಮ್ಮಿಗಳ ಹಾಗೆ, ಬಟ್ಟೆಯ ಪಟ್ಟಿಗಳು. ಚೌಕದ ಅರ್ಧ ಕಪ್ಪು, ಅರ್ಧ ತಿಳಿ. ಕಪ್ಪು ಪಟ್ಟಿಗಳು ಗಣಿ ಕುಸಿದು ಸತ್ತ ಗಂಡನ ಅಂಗಿಗಳವು. ತಿಳಿ ಪಟ್ಟಿಗಳು ಹಿಟ್ಟಿನ ಚೀಲದವು, ನೆರೆಯವರು ಕೊಟ್ಟ ಹಳೆಯ ಉಡುಪುಗಳವು. ಚೌಕಗಳು ಅವೇ ಆದರೂ ಯಾವುದನ್ನು ಯಾವ ಕಡೆ ತಿರುಗಿಸಿ ಇಡುತ್ತೇವೆ ಎಂಬುದರ ಮೇಲೆ ಇಡೀ ಕೌದಿ ಬದಲಾಗುತ್ತದೆ. ನಡುವಿನಿಂದ ಒಂದರ ಹೊರಗೊಂದು ಸುತ್ತು ಹರಡಿದರೆ ಅದು ಕೊಟ್ಟಿಗೆಕಟ್ಟು ಎಂಬ ಮಾದರಿ. ಕಪ್ಪು ಬಿಳುಪು ಓರೆಗೆರೆಗಳಾದರೆ ನೇಗಿಲಸಾಲು. ಡೆಲ್ಫಾ ಬೆಳಿಗ್ಗೆ ಒಂದನ್ನು ಒಪ್ಪಿ ಸಂಜೆಗೆ ಇನ್ನೊಂದು ಎನ್ನುತ್ತಿದ್ದಳು. ಯಾವುದು ಸರಿ ಎಂದು ಹೇಳುವವರು ಯಾರಾದರೂ ಇದ್ದಿದ್ದರೆ ಎಂದು ಹಂಬಲಿಸುತ್ತಿದ್ದಳು.

ಈಗ ಕೈಗೆ ಬಂದದ್ದು ಕೊಟ್ಟಿಗೆಕಟ್ಟು. ಹಲಗೆಯ ಮೇಲಿನ ರಕ್ತ ಒರೆಸಿದರೂ ಹಸಿಯಾಗಿಯೇ ಉಳಿದಿತ್ತು. ಅಲ್ಲಿ ಬರಬೇಕಾಗಿದ್ದದ್ದು ಒಂದು ಚೌಕದ ತಿಳಿ ಭಾಗ. ಇಟ್ಟರೆ ರಕ್ತದ ಕಲೆ ಮೇಲೆ ಮೂಡುತ್ತದೆ. ಅವಳು ಆ ಒಂದನ್ನು ತಿರುಗಿಸಿ ಕಪ್ಪು ಭಾಗ ಅದರ ಮೇಲೆ ಬರುವಂತೆ ಇಟ್ಟಳು. ಇಷ್ಟು ಚೌಕಗಳಲ್ಲಿ ಒಂದು ತಿರುಗಿದ್ದು ಯಾರ ಕಣ್ಣಿಗೆ ಬೀಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

ಬಾಗಿಲು ಕೀಲು ಕಿತ್ತು ಒಳಗೆ ಬಿತ್ತು. ಬಂದವರು ಇಬ್ಬರು. ಒಬ್ಬ ದೂರದ ಪಟ್ಟಣದಿಂದ ಕೂಲಿಗೆ ಬಂದ ದಡಿಯ. ಇನ್ನೊಬ್ಬ ಇದೇ ಕಣಿವೆಯ ಕ್ಲೆವಿ. ಡೆಲ್ಫಾಗೆ ಸೂಜಿ ಹಿಡಿಯುವುದನ್ನು ಕಲಿಸಿದವಳು ಇವನ ತಾಯಿ ರಿಂಡಿ.

"ಬೂಟಾದ್ರೂ ಒರೆಸ್ಕೊಂಡು ಬನ್ರೋ," ಎಂದಳು ಸಿಂಡಾ. ದಡಿಯ ಬಂದೂಕಿನ ಹಿಡಿಯಿಂದ ಅವಳ ಬಾಯಿಗೆ ಹೊಡೆದ. ಮುದುಕಿ ಗೋಡೆಗೆ ಬಡಿದು ಕೂತಳು. ಹಲ್ಲೊಂದನ್ನು ಅಂಗೈಗೆ ಉಗುಳಿ ನೋಡಿದಳು. "ನೋಯ್ತಿದ್ದದ್ದು ಇದೇ. ಪುಣ್ಯ ಬರ್ಲಿ ನಿಂಗೆ."

ಅವನು ಹಾಸಿಗೆ ಬಗೆದ, ಪಿಂಗಾಣಿ ಒಡೆದ, ಹಿಟ್ಟಿನ ಡಬ್ಬಿಯನ್ನು ಒದ್ದ. ಏನೂ ಸಿಗದೆ ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಕೋಳಿಗೂಡಿನ ಕಡೆಯಿಂದ ಗುಂಡಿನ ಸದ್ದು, ಅವನ ನಗು.

ಕ್ಲೆವಿ ಮಾತ್ರ ನೆಲ ನೋಡುತ್ತ ನಿಂತಿದ್ದ.

"ಕೊಟ್ಟಿಗೆಕಟ್ಟು. ಆದ್ರೆ ಒಂದು ತಪ್ಪಾಗಿದೆ ಅಕ್ಕ."

"ತಪ್ಪಿಲ್ದೆ ಮಾಡೋನು ದೇವರೊಬ್ಬನೇ. ಬೇಕಂತಲೇ ಒಂದು ಬಿಡ್ತೀವಿ," ಎಂದಳು ಸಿಂಡಾ, ರಕ್ತ ನುಂಗುತ್ತ.

"ಹೊಲಿಯೋಕೆ ಬರದವ್ರು ಹೇಳೋ ಮಾತದು ಅಂತಿದ್ಳು ನಮ್ಮಮ್ಮ." ಅವನು ಬಗ್ಗಿ ಬಂದೂಕಿನ ತುದಿಯನ್ನು ಆ ಚೌಕದ ಕಡೆ ಚಾಚಿದ.

"ಮುಟ್ಬೇಡ!" ತನ್ನ ದನಿಗೆ ಡೆಲ್ಫಾ ತಾನೇ ಬೆಚ್ಚಿದಳು. "ಅದು ಸರಿ ಇದೆ. ಉಳಿದವೇ ತಪ್ಪು. ನೇಗಿಲಸಾಲಿಗೆ ತಿರುಗಿಸ್ತಿದ್ದೆ. ಅದೊಂದು ಆಗಿತ್ತು, ಅಷ್ಟೊತ್ತಿಗೆ ನೀವು ಬಂದ್ರಿ."

"ಹಾಗಾದ್ರೆ ಮುಗಿಸು. ನೋಡೋಣ."

ಅವಳು ಮಂಡಿಯೂರಿದಳು. ಒಂದು ಚೌಕವನ್ನೂ ನೆಲದಿಂದ ಎತ್ತದೆ ಬೆರಳ ತುದಿಯಿಂದ ಇದ್ದಲ್ಲೇ ತಿರುಗಿಸುತ್ತ ಹೋದಳು. ಸುತ್ತುಗಳು ಮುರಿದವು, ಗೆರೆಗಳು ಎದ್ದವು. ತಪ್ಪಾಗಿ ಇಟ್ಟ ಆ ಒಂದನ್ನು ಬಿಟ್ಟು ಬೇಕಾದದ್ದನ್ನೆಲ್ಲ ತಿರುಗಿಸಿದಳು. ಕೊನೆಗೆ ಅದು ತನ್ನ ಸಾಲಿನಲ್ಲಿ ತಪ್ಪೇ ಇಲ್ಲದಂತೆ ಕೂತಿತು. ಕ್ಲೆವಿ ಬಂದೂಕನ್ನು ಗೋಡೆಗೆ ಒರಗಿಸಿ ಕುಕ್ಕರುಗಾಲಲ್ಲಿ ಕೂತಿದ್ದ. "ಆ ಮೂಲೇದು," ಎನ್ನುತ್ತಿದ್ದ, "ಹಾ, ಈಗ ಸರಿಯಾಯ್ತು." ಸುಳ್ಳು ಹೇಳಿ ಪಾರಾದೆನೇ ಎಂದು ಡೆಲ್ಫಾಗೆ ಉಸಿರು ಬಂತು.

"ಅಮ್ಮಂಗೆ ಈಗ ಕಣ್ಣು ಕಾಣಲ್ಲ ಅಕ್ಕ," ಎಂದ ಅವನು. "ಬೆರಳಲ್ಲಿ ಮುಟ್ಟಿದ್ರೆ ಗೊತ್ತಾಗುತ್ತೆ. ಒಂದು ಚೌಕ ಒಯ್ತೀನಿ." ಕೈ ಚಾಚಿ ಮುಂದಕ್ಕೆ ಬಾಗಿದ.

ಬಾಗಿದ್ದು ಒಲೆಯ ಕಡೆಗೆ, ರಕ್ತ ಮುಚ್ಚಿದ ಆ ಚೌಕವಿದ್ದ ಕಡೆಗೆ. ಒಲೆಯ ಮೇಲೆ, ಚೌಕಗಳ ಹೊಲಿಗೆ ಒತ್ತಲು ಬೆಳಿಗ್ಗೆ ಕಾಯಲಿಟ್ಟ ಇಸ್ತ್ರಿ ಇತ್ತು, ಗಟ್ಟಿ ಕಬ್ಬಿಣದ್ದು. ಜೀವಮಾನದಲ್ಲಿ ಮೊದಲ ಸಲ ಡೆಲ್ಫಾ ಎರಡು ಸಲ ಯೋಚಿಸಲಿಲ್ಲ. ಹಿಡಿದಳು, ಎತ್ತಿದಳು, ಅವನ ತಲೆಯ ಹಿಂಭಾಗಕ್ಕೆ ಇಳಿಸಿದಳು. ಒದ್ದೆ ಕಟ್ಟಿಗೆ ಸೀಳಿದಂಥ ಸದ್ದು. ಕೂದಲು ಸುಟ್ಟ ವಾಸನೆ. ಅವನು ಏಳಲು ನೋಡಿದ. ಮತ್ತೆ ಹೊಡೆದಳು. ಇನ್ನೊಮ್ಮೆ. ಅವನು ಮುಖ ಅಡಿಯಾಗಿ ಸಾಲುಗಳ ಮೇಲೆ ಮಲಗಿದ. ಕಪ್ಪು ಯಾವುದು, ತಿಳಿ ಯಾವುದು ಎಂಬುದು ನಿಧಾನವಾಗಿ ಅಳಿಸಿಹೋಯಿತು.

"ಸಾಕು ಬಿಡೇ," ಎಂದಳು ಸಿಂಡಾ.

ಹಲಗೆ ತಾನಾಗಿ ಎದ್ದಿತು. ಹೋಬರ್ಟ್ ಮೇಲೆ ಬಂದು, ಏನೂ ಕೇಳದೆ ಕ್ಲೆವಿಯ ಬಂದೂಕು ಹಿಡಿದು ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತ.

"ಲೋ ಕ್ಲೆವಿ! ರಾತ್ರಿ ಊಟಕ್ಕಾಯ್ತು ಕಣೋ!" ದಡಿಯ ಎರಡು ಕೋಳಿಗಳನ್ನು ಕಾಲು ಹಿಡಿದು ತೂಗಾಡಿಸುತ್ತ ಹೊಸ್ತಿಲು ದಾಟಿದ. ಹೋಬರ್ಟ್ ಅಷ್ಟು ಹತ್ತಿರದಿಂದ ಹೊಡೆದದ್ದಕ್ಕೆ ಅವನ ಅಂಗಿಗೆ ಬೆಂಕಿ ಹತ್ತಿತು. ಅವನು ಹಿಂದಕ್ಕೆ ಜಗಲಿಯ ಮೇಲೆ ಬಿದ್ದ. ಅರ್ಧ ಸತ್ತಿದ್ದ ಒಂದು ಕೋಳಿ ಅವನ ಎದೆಯ ಮೇಲೆ ರೆಕ್ಕೆ ಬಡಿಯಿತು.

"ಕತ್ತಲಾಗೋಕೆ ಮುಂಚೆ ಗುಡ್ಡ ದಾಟ್ಬೇಕು. ಅಕ್ಕ, ಏಳು. ಏಳೇ!"

ಡೆಲ್ಫಾ ಏಳಲಿಲ್ಲ. ಅವಳು ಕ್ಲೆವಿಯ ಮುಷ್ಟಿಯನ್ನು ಬಿಡಿಸುತ್ತಿದ್ದಳು. ಅದರೊಳಗೊಂದು ಚೌಕ ಮುದುಡಿತ್ತು. ಒಲೆಯ ಮುಂದಿನದಲ್ಲ. ಅವಳು ತಿರುಗಿಸಿಟ್ಟ ಚೌಕ, ಹಲಗೆ ಎದ್ದಾಗ ಜಾರಿ, ಅದರ ಅಂಚಿನಲ್ಲಿ ಬಿದ್ದಿತ್ತು. ಅವನು ಹಿಡಿದದ್ದು ಪಕ್ಕದ ಸಾಲಿನದು. ಅದರ ತಿಳಿ ಭಾಗದಲ್ಲಿ ಸಣ್ಣ ಹಳದಿ ಹೂವುಗಳ ಒಂದು ಪಟ್ಟಿ ಇತ್ತು, ರಿಂಡಿಯ ಉಡುಪಿನದು. ಸೂಜಿ ಕಲಿಸಿದ ವರ್ಷ ಅವಳೇ ಕತ್ತರಿಸಿ ಕೊಟ್ಟದ್ದು.

ಅದನ್ನು ಎತ್ತಿದ್ದರೆ ಕೆಳಗೆ ಬರೀ ನೆಲ ಕಾಣುತ್ತಿತ್ತು.

"ಯಾರು ಹೇಳ್ತಾರೆ ಅವಳಿಗೆ?" ಎಂದಳು ಡೆಲ್ಫಾ.

ಸಿಂಡಾ ಸೊಸೆಯ ತೋಳು ಹಿಡಿದು ಎಬ್ಬಿಸಿದಳು.